ಬೂದಿಯಾದ ಸೀರೆ ಆಹೇರಿ ಬಂದದ್ದು

ಹನಮಪ್ಪ ಸಾಹುಕಾರನಿಗೆ ಸಾಯುವುದೆಂದರೆ ಬಲು ಇಷ್ಟ. ರಂಗದ ಮೇಲೆ ಮಾತ್ರ. ಉಳಿದ ಕಡೆಯಲ್ಲೆಲ್ಲ ಅವನು ಇನ್ನೊಬ್ಬರ ಪಾಲಿನ ಆಯುಷ್ಯವನ್ನೂ ತಾನೇ ಉಂಡು ತೇಗುವ ಪೈಕಿ. ತಾಲೀಮು ಶುರುವಾಗಿ ವಾರ ಕಳೆದರೂ ಒಂದು ಹಾಳೆಯ ಮಾತು ಅವನ ಬಾಯಿಗೆ ಬಂದಿರಲಿಲ್ಲ. ಆದರೆ ಕೊನೆಯ ಅಂಕದಲ್ಲಿ ರಾಜ ವಿಷ ಕುಡಿದು ಸಾಯುವುದಿತ್ತಲ್ಲ, ಅದನ್ನು ಮಾತ್ರ ಬಂದವರಿಗೆಲ್ಲ ಮಾಡಿ ತೋರಿಸುತ್ತಿದ್ದ. ಬಟ್ಟಲು ಎತ್ತುವುದು, ಗಂಟಲು ಹಿಡಿಯುವುದು, ಸಿಂಹಾಸನದ ಮೆಟ್ಟಿಲಿನಿಂದ ಉರುಳುವುದು, ಅರ್ಧ ಎದ್ದು ಕಿರೀಟ ಸರಿಮಾಡಿಕೊಂಡು ಮತ್ತೆ ಬೀಳುವುದು.

"ಹೆಂಗಾತ್ರಿ ಮೇಡಮ್ಮಾರ?" ಎಂದು ನೆಲದ ಮೇಲಿಂದಲೇ ಕೇಳುತ್ತಿದ್ದ.

"ಭಾಳ ಚಲೋ ಸತ್ರಿ, ಸಾವ್ಕಾರ್ರ," ಎನ್ನುತ್ತಿದ್ದಳು ಹುಸೇನಬಿ, ಚಹದ ಕಪ್ಪಿನಿಂದ ಕಣ್ಣು ತೆಗೆಯದೆ. "ನೋಡಿದವರಿಗೆ ಸಮಾಧಾನ ಆಗೂ ಹಂಗ ಸತ್ರಿ."

ಅವನು ಅದನ್ನು ಹೊಗಳಿಕೆ ಎಂದೇ ತಿಳಿದು ಮೀಸೆ ತಿರುವುತ್ತಿದ್ದ.

ಹುಸೇನಬಿ ಇಲಕಲ್ಲಿನವಳು. ಹಳ್ಳಿಯವರು ತಾವೇ ಬಣ್ಣ ಹಚ್ಚಿಕೊಂಡು ಆಡುವ ನಾಟಕಗಳಿಗೆ ಹೆಣ್ಣಿನ ಪಾರ್ಟು ಮಾಡಲು ಕರೆಸಿಕೊಳ್ಳುವ ಕಲಾವಿದೆ. ಹುನಗುಂದ, ಬಾದಾಮಿ, ಐಹೊಳೆ ಸುತ್ತಲಿನ ಹಳ್ಳಿಗಳಲ್ಲಿ ಅವಳು ಅಳದ ಕಟ್ಟೆ ಇಲ್ಲ, ನಗದ ಚಾವಡಿ ಇಲ್ಲ. ಗೋಡೆಗೆ ಹಚ್ಚುವ ಹಾಳೆಯ ಮೇಲೆ ಇಂದಿಗೂ 'ಕುಮಾರಿ ಹಸೀನಾ ಇಲಕಲ್' ಎಂದೇ ಬರುತ್ತಿತ್ತು. ಆ ಕುಮಾರಿಯ ಮಗಳೇ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೋಗಿಯಾಗಿತ್ತು. ಹುಸೇನಬಿಯ ಅಪ್ಪ ಸುಭಾನಸಾಬ ಮೊಹರಮ್ಮಿನಲ್ಲಿ ಅಲಾಯಿ ಬೆಂಕಿಕುಣಿಯ ಸುತ್ತ ರಿವಾಯತದ ಶೋಕಪದ ಹೇಳುತ್ತಿದ್ದವನು. ಕರ್ಬಲಾದಲ್ಲಿ ನೀರಿಲ್ಲದೆ ಸತ್ತವರ ಕಥೆಯನ್ನು ಅವನು ಎತ್ತಿದರೆ ಲಿಂಗ ಕಟ್ಟಿದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಣ್ಣುಮಗಳು ಆ ಸುತ್ತಿನಲ್ಲಿ ನಿಂತು ಹಾಡುವಂತಿಲ್ಲ. ಬಾಗಿಲ ಮರೆಗೆ ಕೂತು ಕೇಳಿ ಕೇಳಿಯೇ ಅವಳ ಕಿವಿ ಹದಗೊಂಡಿತ್ತು. "ಅಳು ಖರೆ ಇದ್ದಾಗ ಪದ ಎಲ್ಲೆರೆ ಒಂದು ಕಡೆ ತಪ್ಪತೈತಿ ಬೇಟಿ," ಎನ್ನುತ್ತಿದ್ದ ಅಪ್ಪ, "ತಪ್ಪದ ಅಳು ನಂಬಬ್ಯಾಡ." ರಂಗಕ್ಕೆ ಕಾಲಿಡುವ ಮುಂಚೆ ಇಂದಿಗೂ ಬಿಸ್ಮಿಲ್ಲಾ ಅಂದೇ ಇಡುತ್ತಿದ್ದಳು. ಇಟ್ಟ ಮೇಲೆ ಎದುರಿಗೆ ನಿಂತ ಗಂಡಸರನ್ನು ನೋಡಿ ಒಳಗೇ ಇನ್ನೊಂದು ಮಾತು ಅನ್ನುತ್ತಿದ್ದಳು, ಅದು ದೇವರಿಗೆ ಕೇಳಿಸುವಂಥದ್ದಲ್ಲ.

ಈ ಸಲ ಬಂದಿದ್ದು ಮರೋಳದ ಆಚೆಯ ಹಳ್ಳಿಗೆ. ಏತ ನೀರಾವರಿಯ ನೀರು ಹೊಲಕ್ಕೆ ಹರಿದ ಖುಷಿಗೆ ನಾಟಕ ಎಂದು ಹೇಳಿಕೆ. ಹನಮಪ್ಪ ಪಂಚಾಯಿತಿ ಇಲೆಕ್ಷನ್ನಿಗೆ ನಿಲ್ಲುವವನಿದ್ದಾನೆ ಎಂಬುದು ಹೇಳದೇ ಇದ್ದ ಕಾರಣ. ನಾಟಕ ಕಲಿಸುವವನು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಚಂದಪ್ಪ. ಕಡಲಾಚೆಯ ಯಾವುದೋ ಹಳೆಯ ದುರಂತ ನಾಟಕದ ಕಥೆಯನ್ನು ಹುನಗುಂದದಲ್ಲಿ ಯಾರದೋ ಬಾಯಲ್ಲಿ ಕೇಳಿ, ಅದಕ್ಕೆ ಕಂದ ಪದ್ಯ ಸೇರಿಸಿ, 'ಅಣ್ಣನ ಹೆಣದ ಮೇಲೆ ಸಿಂಹಾಸನ, ಅರ್ಥಾತ್ ಹುಚ್ಚಾದ ಹೂಬಳ್ಳಿ' ಎಂದು ಹೆಸರಿಟ್ಟಿದ್ದ. ಅಣ್ಣನನ್ನು ಕೊಂದು ತಮ್ಮ ರಾಜನಾಗುತ್ತಾನೆ. ಸತ್ತವನ ಮಗ, ಯುವರಾಜ, ಗುಟ್ಟು ತಿಳಿಯಲಿಕ್ಕೆಂದು ಹುಚ್ಚನ ಸೋಗು ಹಾಕುತ್ತಾನೆ. ಅವನನ್ನು ಪ್ರೀತಿಸಿದ ಹುಡುಗಿ, ಅಪ್ಪನನ್ನೂ ಕಳೆದುಕೊಂಡು, ಸೋಗಿಲ್ಲದೆ ಹುಚ್ಚಿಯಾಗುತ್ತಾಳೆ. ಆ ಹುಡುಗಿ ಹುಸೇನಬಿ. ಯುವರಾಜ, ಕೆಂಪು ಕಲ್ಲು ಸಾಗಿಸುವ ಲಾರಿ ಇಟ್ಟುಕೊಂಡಿದ್ದ ಹುಲ್ಲಪ್ಪ. ಅವನ ಲೆಕ್ಕದಲ್ಲಿ ಹುಚ್ಚೆಂದರೆ ಕೂದಲು ಕೆದರಿಕೊಂಡು ನಾಲಗೆ ಹೊರಗೆ ಹಾಕುವುದು. ಮೂರನೆಯ ದಿನದ ಹೊತ್ತಿಗೆ ಹುಸೇನಬಿ ಅವನ ಮುಖ ನೋಡದೆ ಅವನ ಮಾತಿಗೆ ಉತ್ತರ ಕೊಡುವುದನ್ನು ರೂಢಿಸಿಕೊಂಡಿದ್ದಳು.

"ನಿಮಗ ಹುಚ್ಚಿನ ಪಾರ್ಟು ಕಲೀಬೇಕಂದ್ರ ಎಲ್ಲೂ ಹೋಗೂದು ಬ್ಯಾಡ್ರಿ," ಎಂದ ಒಂದು ದಿನ ಹನಮಪ್ಪ, ಎಲೆ ಅಡಿಕೆ ಮೆಲ್ಲುತ್ತ. "ನಮ್ಮ ಮನ್ಯಾಗ ಒಂದೈತಿ. ಹಿತ್ತಲ ಖೋಲ್ಯಾಗ. ಹೋಗಿ ನೋಡ್ಕೊಂಡು ಬರ್ರಿ."

ಒಂದೈತಿ. ಎಮ್ಮೆ ಇದ್ದಂತೆ, ಬೀಸುವ ಕಲ್ಲು ಇದ್ದಂತೆ. ಆಮೇಲೆ ತಿಳಿಯಿತು, ಅವನು ಹೇಳಿದ್ದು ಅವನ ಅಣ್ಣನ ಹೆಂಡತಿಯನ್ನು. ಅಣ್ಣ ತೀರಿಕೊಂಡು ಎರಡು ವರ್ಷ. ಜಡ್ಡಾಗಿ, ತನ್ನ ಸಾವು ತಾನೇ ಸತ್ತ. ಮಕ್ಕಳಿಲ್ಲ. ಅಣ್ಣನ ಪಾಲಿನ ಹೊಲ ಹೆಂಡತಿ ಬಾಳಮ್ಮನ ಹೆಸರಿಗೆ ಬಂದಿತ್ತು. ಆ ಹೊಲ ಬರೀ ಕಲ್ಲಾಗಿದ್ದಾಗ ಬಾಳಮ್ಮನಿಗೆ ಬುದ್ಧಿ ನೆಟ್ಟಗಿತ್ತು. ಕಾಲುವೆ ನೀರು ಬಂದ ವರ್ಷವೇ ಅವಳಿಗೆ ಹುಚ್ಚು ಹಿಡಿಯಿತು ಎಂದು ಮೈದುನನಿಗೆ ಗೊತ್ತಾಯಿತು.

"ನಾ ಮಾಡೂದೇನೂ ಬಿಟ್ಟಿಲ್ರಿ," ಎಂದ ಹನಮಪ್ಪ, ದನಿಯಲ್ಲಿ ಜೇನು ಸುರಿಸಿ. "ಮಹಾಕೂಟದ ಹೊಂಡದಾಗ ಮುಣಗಿಸಿಕೊಂಡು ಬಂದೆ. ಕಾಯಿ ಒಡಸಿದೆ. ಕಡೀಗೆ ಸೋಮವಾರ ಗಾಡಿ ಗೊತ್ತು ಮಾಡೇನಿ, ದೂರದ ದೊಡ್ಡ ದವಾಖಾನಿಗೆ ಬಿಟ್ಟು ಬಂದ ಬಿಡೂದು. ಅಲ್ಲೇ ಇರ್ತಾಳ, ಪಾಪ. ಹೊಲದ ಚಿಂತಿ ನನಗಿರಲಿ. ಊರ ಹಿರ್ಯಾರೂ ಹೂಂ ಅಂದಾರ, ಕಾಗದಕ್ಕ ಸಹಿ ಹಾಕ್ತಾರ."

ಹುಸೇನಬಿ ಹಿತ್ತಲಿಗೆ ಹೋದಳು. ಹೋಗಬಾರದು ಅಂದುಕೊಂಡೇ ಹೋದಳು.

ಐವತ್ತು ದಾಟಿದ ಹೆಂಗಸು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಿ ನೋಡಿ, "ಬಾ ತಂಗಿ," ಎಂದಳು. "ಹುಚ್ಚು ನೋಡಾಕ ಬಂದಿ, ಹೌದಿಲ್ಲೊ? ಕುಂದ್ರು. ಇನ್ನೂ ಶುರು ಆಗಿಲ್ಲ."

ಹುಸೇನಬಿಗೆ ನಗು ಬಂತು. ಅದರ ಬೆನ್ನಿಗೇ ನಾಚಿಕೆ. ಅವಳು ಕೂತು ತಾನೂ ಒಂದು ಹಿಡಿ ಜೋಳ ಎತ್ತಿಕೊಂಡು ಕಲ್ಲು ಆರಿಸತೊಡಗಿದಳು.

"ಮೊದಲ ತಂಬಿಗಿ ಹೋತು," ಎಂದಳು ಬಾಳಮ್ಮ, ಯಾರೂ ಕೇಳದೆಯೇ. "'ನೀವ ಎಲ್ಲೆರೆ ಇಟ್ಟಿರಬೇಕು ವೈನಿ' ಅಂದ ಮೈದುನ. ಮರುದಿನ ನನ್ನ ಹಾಸಿಗ್ಯಾಗ ಸಿಕ್ತು. ನಾ ತಂಬಿಗಿ ಜೋಡಿ ಮಲಗ್ತೇನೇನು? ಆಮ್ಯಾಲ ಟ್ರಂಕಿನ ಕೀಲಿ. ಅದು ಹಿಟ್ಟಿನ ಡಬ್ಬ್ಯಾಗ. ನೆರೆಮನ್ಯಾರನ್ನ ಕರದು ಕರದು ತೋರಿಸಿದ. ಕಡೀಗೆ ನನ್ನ ಮದುವಿ ಸೀರಿ. ನಮ್ಮವ್ವ ಇಲಕಲ್ಲಾಗ ಮಗ್ಗದ ಮ್ಯಾಲ ಕುಂತು ನನಗಂತ ನೇದಿದ್ದು. ಟ್ರಂಕಿನಾಗ ಬೇವಿನೆಲಿ ಹಾಕಿ ಇಟ್ಟಿದ್ದೆ. ಇಲ್ಲ ಅಂದೆ. ಊರ ಹಿರ್ಯಾರನ್ನ ಕರಿಸಿ ಹಿತ್ತಲ ಒಲಿ ತೋರಿಸಿದ. ಬೂದಿ ಇತ್ತು. 'ಗಂಡ ಹೋದ ಸಿಟ್ಟಿಗೆ ತಾನ ಸುಟ್ಟಾಳ, ಈಗ ಕಳವಿನ ಮಾತು ನಮ್ಮ ಮ್ಯಾಲ ಹಾಕತಾಳ' ಅಂದ. ಮಲೀಕಸಾಬರು ಇಲ್ಲೇನು, ಹಿರೇ ಮನಷ್ಯಾ, ಅವರು ಬೂದಿ ಬೆರಳಿಗೆ ಹಚ್ಚಿಕೊಂಡು ನೋಡಿ ತಲಿ ಅಳ್ಳಾಡಿಸಿದ್ರು."

"ಬೂದ್ಯಾಗ ಏನ್ ಕಂಡತಂತ ಅವರಿಗೆ?"

"ಬೂದಿ," ಎಂದಳು ಬಾಳಮ್ಮ.

ಆಮೇಲೆ ಅವಳು ಆ ಸೀರೆಯನ್ನು ಹೇಳಿದಳು. ದಾಳಿಂಬೆ ಬಣ್ಣದ ಒಡಲು, ಕೆಂಪು ರೇಶಿಮೆಯ ಸೆರಗು. ಇಲಕಲ್ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಆ ಕೂಡುವ ಜಾಗದಲ್ಲಿ, ಎಡದ ಅಂಚಿನಿಂದ ಒಂದು ಗೇಣು ಒಳಗೆ, ಕೆಂಪು ಎಳೆಗಳ ನಡುವೆ ಅವ್ವ ಬೇಕೆಂದೇ ಒಂದು ನೀಲಿ ಎಳೆಗೆ ಕೊಂಡಿ ಹಾಕಿದ್ದಳು. ಮಗಳ ಮದುವೆ ಸೀರೆಗೆ ದೃಷ್ಟಿ ತಾಕಬಾರದೆಂದು. ಹೊರಗಿನಿಂದ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

ಅಲ್ಲಿಯ ತನಕ ಗಟ್ಟಿಯಾಗಿದ್ದ ದನಿ ಅಲ್ಲಿಂದ ಮುಂದೆ ಎಡವಿತು.

"ಈಗೀಗ ಕನಸು ಬೀಳ್ತೈತಿ, ತಂಗಿ. ನಾನ ಕಡ್ಡಿ ಕೊರದಂಗ. ಸೆರಗು ಹತಗೊಂಡಂಗ. ಎದ್ದು ಕೈ ಮೂಸಿ ನೋಡ್ತೇನಿ. ಮಂದಿ ಎಲ್ಲಾ ಹೌದಂದ್ರ, ಹೌದೇನೋ... ನಾನ ಸುಟ್ಟಿದ್ರ? ಸುಟ್ಟು ಮರತಿದ್ರ? ನೀ ಹೊರಗಿನಾಕಿ. ನಿನಗ ಇದರಾಗ ಹೊಲ ಇಲ್ಲ, ಮನಿ ಇಲ್ಲ. ಖರೆ ಹೇಳು. ನಾ ಹುಚ್ಚಿ ಏನು?"

ಹುಸೇನಬಿಯ ಕಿವಿಗೆ ಯಾವ ಸಂಶಯವೂ ಇರಲಿಲ್ಲ. ಪದ ತಪ್ಪಿದ್ದು ತಪ್ಪಬೇಕಾದ ಕಡೆಯೇ.

"ನೀವು ಹುಚ್ಚರಲ್ರಿ, ಅಕ್ಕಾರ."

"ಮಂದಿ ಮುಂದ ಹೇಳ್ತಿ?"

"ನನ್ನ ಮಾತು ಯಾರು ಕೇಳ್ತಾರ್ರಿ? ನಾಟಕದಾಕಿ ನಾ."

"ಹುಂ," ಎಂದು ಬಾಳಮ್ಮ ಮೊರ ಎತ್ತಿದಳು. "ನನ್ನ ಮಾತು ಯಾರು ಕೇಳ್ತಾರ? ಹುಚ್ಚಿ ನಾ."

ಆ ದಿನ ತಾಲೀಮಿನಲ್ಲಿ ಹುಸೇನಬಿ ಹುಚ್ಚಿನ ಪ್ರವೇಶವನ್ನು ಬೇರೆಯೇ ರೀತಿ ಮಾಡಿದಳು. ಕೂದಲು ಕೆದರಿಕೊಳ್ಳಲಿಲ್ಲ, ಕಿರುಚಲಿಲ್ಲ. ಉಡಿಯಲ್ಲಿ ಬೇವಿನ ಎಲೆ ತುಂಬಿಕೊಂಡು ಬಂದು, ಸಭೆಯಲ್ಲಿದ್ದವರಿಗೆಲ್ಲ ಒಂದೊಂದು ಎಸಳು ಹಂಚುತ್ತ, ಸಮಾಧಾನದಿಂದ ಮಾತಾಡಿದಳು. ಚಂದಪ್ಪ ಮಾಸ್ತರ ಪೇಟಿಯ ಮೇಲಿನ ಬೆರಳು ತೆಗೆದು ಕೂತುಬಿಟ್ಟ. ಹನಮಪ್ಪ ಮಾತ್ರ ಮುಖ ಕಿವುಚಿದ. "ಇದೇನ್ರಿ, ಮನ್ಯಾಗಿನ ಮಂದಿ ಮಾತಾಡಿದಂಗ ಆತು. ಹುಚ್ಚಂದ್ರ ಹುಚ್ಚು ಕಾಣಬೇಕು!"

"ಮಾಸ್ತರ," ಎಂದಳು ಹುಸೇನಬಿ ಚಹದ ಹೊತ್ತಿಗೆ, ಎಲ್ಲ ಹೇಳಿ ಮುಗಿಸಿ. "ಅಣ್ಣನ ರಾಜ್ಯ ನುಂಗೂ ರಾಜನ ಪಾರ್ಟು ಮಾಡತಾನ. ದಿನಾ ಅದ ಮಾತು ಬಾಯಾಗ ಅಂತಾನ. ಒಮ್ಮೆರೆ ಅವನ ಮಾರಿ ಸಣ್ಣದಾಗಿದ್ದು ನೋಡೀರೇನು?"

ಚಂದಪ್ಪ ಬೀಡಿ ಹಚ್ಚಿದ. "ಎಮ್ಮಿ ತಂದು ಕನ್ನಡಿ ಮುಂದ ನಿಲ್ಲಸು, ಹುಸೇನಾ. ಅದಕ್ಕ ಇನ್ನೊಂದು ಎಮ್ಮಿ ಕಾಣ್ತೈತಿ, ಅಷ್ಟ. ನೀ ಸುಮ್ಕಿರು. ನಾಟಕ ಆಡೂದು, ಬಸ್ಸು ಹತ್ತೂದು. ಒಂದೂರಾಗ ಬಾಯಿ ಮಾಡಿದಿ ಅಂದ್ರ ಹತ್ತೂರಾಗ ನಿನ್ನ ಕರಿಯೂದಿಲ್ಲ."

ಸುಮ್ಮನಿರುವುದು ಅವಳಿಗೆ ಕಷ್ಟವಲ್ಲ. ಕೇಳುತ್ತ ಬೆಳೆದವಳು.

ಶನಿವಾರ ನಾಟಕ. ಹತ್ತು ಗಂಟೆಯ ಮೇಲೆ ಮೈಕು ಹಚ್ಚಿದರೆ ಪೊಲೀಸರು ಬರುತ್ತಾರೆಂದು ಹೊತ್ತು ಮುಳುಗುವ ಮುಂಚೆಯೇ ಶುರು ಮಾಡಿದರು. ಪಡುವಣದ ಬೆಳಕು ಪರದೆಯ ಮೇಲೆ ಬಿದ್ದು, ಅದರ ಮೇಲಿನ ಅರಮನೆಯ ಕಂಬಗಳೆಲ್ಲ ಬೆಂಕಿ ಹತ್ತಿದಂತೆ ಕಾಣುತ್ತಿದ್ದವು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಹಿರಿಯರು, ನಟ್ಟ ನಡುವೆ ಶಾಲು ಹೊದ್ದ ಮಲೀಕಸಾಬ. ಎಡಗಡೆ ತಾಡಪತ್ರಿಯ ಮೇಲೆ ಹೆಂಗಸರು. ಅವರ ನಡುವೆ, ಎರಡೂ ಮಗ್ಗುಲು ಒಂದೊಂದು ಮೊಳ ಜಾಗ ಬಿಡಿಸಿಕೊಂಡು, ಬಾಳಮ್ಮ. ಅವಳನ್ನು ಹನಮಪ್ಪನೇ ಕರೆಸಿ ಕೂಡಿಸಿದ್ದ. ಸೋಮವಾರ ಕಳಿಸುವವಳಿಗೆ ಒಂದು ನಾಟಕ ತೋರಿಸಿದ ಪುಣ್ಯವೂ ಇರಲಿ ಎಂದು.

ಈ ಕಡೆಯ ನಾಟಕ ನೋಡದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಯಾವ ದುಃಖವೂ ಪೂರಾ ಆಗುವುದಿಲ್ಲ. ನಾಯಕಿ ಗಂಡನ ಹೆಣದ ಮೇಲೆ ಬಿದ್ದು ಗೋಳಾಡುತ್ತಿರುವಾಗ ಹೆಣವಾದವನ ಬೀಗರು ರಂಗಕ್ಕೆ ಹತ್ತುತ್ತಾರೆ, ಹೆಣವನ್ನು ಎಬ್ಬಿಸಿ ಟವೆಲ್ ಹೊದಿಸುತ್ತಾರೆ. ಅದು ಆಹೇರಿ, ಮೆಚ್ಚಿದವರ ಉಡುಗೊರೆ. ಕೊಟ್ಟವರ ಹೆಸರು ಮೈಕಿನಲ್ಲಿ ಕೂಗಬೇಕು. ಬಟ್ಟೆಯಾದರೆ ಮಡಿಕೆ ಬಿಚ್ಚಿ ಮಂದಿ ಕಾಣುವಂತೆ ಹೊದಿಸಬೇಕು. ತಗೊಂಡವರು ಕೊಟ್ಟವರಿಗೆ ಎರಡು ಮಾತು ಮೈಕಿನಲ್ಲೇ ಹೇಳಬೇಕು. ಆಮೇಲೆ ಅದು ಕಲಾವಿದರದ್ದು, ಕೊಟ್ಟವರು ಮುಟ್ಟುವಂತಿಲ್ಲ. ಅಷ್ಟಾದ ಮೇಲೆ ಹೆಣ ಮತ್ತೆ ಮಲಗುತ್ತದೆ, ಅಳು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆ ಸಂಜೆ ಹುಲ್ಲಪ್ಪನಿಗೆ ಎಷ್ಟು ಟವೆಲ್ ಬಿದ್ದವೆಂದರೆ ಹುಚ್ಚ ಯುವರಾಜ ಅರಿವೆ ಅಂಗಡಿಯ ಕಪಾಟಿನಂತೆ ಕಾಣುತ್ತಿದ್ದ.

ಹುಚ್ಚಿನ ಪ್ರವೇಶ ಬಂತು. ಸಿಂಹಾಸನದ ಮೇಲೆ ರಾಜ ಹನಮಪ್ಪ. ಹುಸೇನಬಿ ಉಡಿಯ ತುಂಬ ಹಸಿ ಬೇವು ಹೊತ್ತು ಬಂದಳು.

"ಬೇವು ತಂದೇನಿ, ತಗೊಳ್ರಿ ಬೇವು,
ಸಿಹಿ ಉಂಡ ಬಾಯಿಗೆ ಚೂರು ನೋವು.
ಅಪ್ಪ ಎಲ್ಲಿ ಅಂದ್ರ ಮಣ್ಣಾಗ ಅಂದ್ರಿ,
ಅಳಬ್ಯಾಡ ಅಂತ ನೀವ ಅತ್ತು ತೋರಿಸಿದ್ರಿ."

ಗಲಾಟೆ ನಿಂತಿತು. ಶೇಂಗಾ ಮಾರುವವನೂ ನಿಂತ. ಅವಳು ಒಬ್ಬೊಬ್ಬ ದರಬಾರಿಯ ಮುಂದೆ ಹೋಗಿ ಒಂದೊಂದು ಎಸಳು ಕೊಟ್ಟಳು. ರಾಜನ ಮುಂದೆ ಬಂದು ನಿಂತಾಗ, ಹಾಡಿನ ನಡುವೆಯೇ, ರಾಜ ಎದ್ದು ಕೈ ಎತ್ತಿದ.

"ಏ ಮಾಸ್ತರ, ನಿಲ್ಲಸ್ರಿ! ನನ್ನದೊಂದು ಆಹೇರಿ ಐತಿ."

ಕಿರೀಟ ತಲೆಯ ಮೇಲೆಯೇ ಇತ್ತು, ಅಂಟಿಸಿದ ಮೀಸೆ ಬೆವರಿಗೆ ಒಂದು ಕಡೆ ಜೋತಾಡುತ್ತಿತ್ತು. ಅವನ ಆಳು ಒಳಗಿನಿಂದ ಪೇಪರಿನಲ್ಲಿ ಸುತ್ತಿದ ಕಟ್ಟು ತಂದುಕೊಟ್ಟ. "ಕುಮಾರಿ ಹಸೀನಾ ಅವರ ಅಭಿನಯಕ್ಕೆ ಮೆಚ್ಚಿ, ಶ್ರೀ ಹನಮಪ್ಪ ಸಾಹುಕಾರರಿಂದ, ಇಲಕಲ್ ಸೀರೆ ಆಹೇರಿ!" ಎಂದು ಚಂದಪ್ಪ ಮೈಕಿನಲ್ಲಿ ಕೂಗಿದ.

ಹನಮಪ್ಪ ಕಟ್ಟನ್ನು ಹಾಗೆಯೇ ಅವಳ ಕೈಗೆ ತುರುಕಲು ಹೋದ. "ಮನಿಗೆ ಹೋಗಿ ಬಿಚ್ಚಿ ನೋಡ್ರಿ."

"ಹಂಗ ನಡಿಯೂದಿಲ್ಲ! ಹೊದಸ್ರಿ, ಸಾವ್ಕಾರ್ರ!" ಎಂದಿತು ಮಂದಿ. "ಪೇಪರ್ ಕೊಟ್ಟಾನೋ ಏನ್ ಸೀರಿ ಕೊಟ್ಟಾನೋ, ಕಾಣವಲ್ದು!"

ನಕ್ಕವರ ಮುಂದೆ ಜಿಪುಣ ಎನಿಸಿಕೊಳ್ಳುವುದು ಇಲೆಕ್ಷನ್ನಿಗೆ ನಿಲ್ಲುವವನಿಗೆ ಆಗುವ ಮಾತಲ್ಲ. ಅವನು ಪೇಪರು ಹರಿದು, ಮಡಿಕೆ ಬಿಚ್ಚಿ, ಅವಳ ಹೆಗಲ ಮೇಲೆ ಹೊದಿಸಿದ. ದಾಳಿಂಬೆ ಬಣ್ಣದ ಒಡಲು. ಕೆಂಪು ರೇಶಿಮೆಯ ಸೆರಗು. ಮಡಿಕೆಯ ಒಳಗಿನಿಂದ ಒಣಗಿ ಕಂದಿದ ಒಂದು ಬೇವಿನ ಎಲೆ ಕೆಳಗಿಳಿದು, ಅವಳ ಉಡಿಯ ಹಸಿ ಎಲೆಗಳ ಮೇಲೆ ಕೂತಿತು.

ಹುಸೇನಬಿಯ ಬೆರಳುಗಳು ತಾವಾಗಿ ಸೆರಗಿನ ಅಂಚು ಹಿಡಿದು ಒಂದು ಗೇಣು ಸರಿದವು. ಸಣ್ಣ ಗಂಟು. ಬಾಗಿ ನೋಡಿದಳು. ನೀಲಿ.

ಅವಳಿಗೆ ಎಲ್ಲವೂ ಒಂದೇ ಉಸಿರಿಗೆ ತಿಳಿದುಹೋಯಿತು. ವಿಧವೆಯ ಮದುವೆ ಸೀರೆಯನ್ನು ಹನಮಪ್ಪನ ಹೆಂಡತಿ ಮೈಗೆ ಸೋಕಿಸಿಕೊಳ್ಳುವುದಿಲ್ಲ, ಅಪಶಕುನ. ಊರಲ್ಲಿ ಮಾರಿದರೆ ಗುರುತು ಹತ್ತುತ್ತದೆ. ಖರೆಯಾಗಿಯೂ ಸುಡಬಹುದಿತ್ತು, ಆದರೆ ರೇಶಿಮೆ ಸುಡಲು ಅವನ ಕೈ ಬಾರದು. ಒಲೆಗೆ ಹಾಕಿದ್ದು ಯಾವುದೋ ಹರಕು ಕೌದಿ. ನಾಟಕದಾಕಿಗೆ ಕೊಟ್ಟರೆ ಒಂದೇ ಏಟಿಗೆ ಎಲ್ಲ ಆಯಿತು. ಹೆಸರೂ ಬಂತು, ಖರ್ಚೂ ಇಲ್ಲ, ಬೆಳಗಿನ ಬಸ್ಸಿಗೆ ಸೀರೆ ಊರೇ ಬಿಟ್ಟಿತು. ಆ ನಾಟಕದಾಕಿಗೆ ಅಪಶಕುನ ತಟ್ಟಿದರೆ ತಟ್ಟಲಿ, ಅವಳೇನು ಮುತ್ತೈದೆಯೇ, ಮನುಷ್ಯಳೇ. ಸಿಟ್ಟಿಗಿಂತ ಮೊದಲು ಅವಳಿಗೆ ಹೇಸಿಗೆ ಬಂತು. ಕಳ್ಳತನ ಮಾಡಲಿಕ್ಕೂ ಒಂದು ದೊಡ್ಡತನ ಬೇಕು. ಇವನು ಒಂದು ಜೀವವನ್ನು ಹುಚ್ಚು ಹಿಡಿಸಲು ಹೊರಟವನು, ಒಂದು ಆಹೇರಿ ಸೀರೆಯ ದುಡ್ಡು ಉಳಿಸಲು ಹೋಗಿ ಸಿಕ್ಕಿಬಿದ್ದಿದ್ದಾನೆ.

ಹತ್ತೂರಿನವರು ಕರೆಯುವುದಿಲ್ಲ ಎಂಬ ಮಾಸ್ತರನ ಮಾತು ನೆನಪಾಯಿತು. ತಾಡಪತ್ರಿಯ ಮೇಲೆ, ಎರಡು ಮೊಳ ಒಂಟಿತನದ ನಡುವೆ, ಬಾಳಮ್ಮ ಸೀರೆಯನ್ನೇ ನೋಡುತ್ತಿದ್ದಳು. ಹತ್ತಿರದವರ ಮುಖ ನೋಡಿ ಮತ್ತೆ ಸೀರೆ ನೋಡಿದಳು. ಕಣ್ಣನ್ನೂ ನಂಬುವ ಧೈರ್ಯ ಅವಳಿಗೆ ಉಳಿದಿರಲಿಲ್ಲ.

ಹುಸೇನಬಿ ಬಿಸ್ಮಿಲ್ಲಾ ಅಂದುಕೊಂಡು ಮೈಕಿನ ಮುಂದೆ ಹೋದಳು.

"ಆಹೇರಿ ಮಾಡಿದ ಸಾವ್ಕಾರ್ರಿಗೆ ಎರಡು ಮಾತು ಹೇಳೂದು ನನ್ನ ಧರ್ಮ," ಎಂದಳು. "ಇಂಥಾ ಸಾವ್ಕಾರ್ರನ್ನ ನಾ ಎಲ್ಲೂ ನೋಡಿಲ್ರಿ. ಮಂದಿ ಅಂಗಡ್ಯಾಗಿನ ಸೀರಿ ಆಹೇರಿ ಮಾಡ್ತಾರ. ಇವರು ಸುಟ್ಟು ಬೂದಿ ಆದ ಸೀರಿ, ಬೂದ್ಯಾಗಿಂದ ತಗದು, ಮಡಿಕಿ ಕೆಡಲಾರದಂಗ ತಂದು ಹೊದಿಸ್ಯಾರ. ಇದಕ್ಕ ಪವಾಡ ಅಂತಾರ."

ಮಂದಿ ಹೋ ಎಂದು ನಕ್ಕಿತು. ಹುಚ್ಚಿನ ಪ್ರವೇಶವಲ್ಲವೇ, ಪಾರ್ಟಿನ ಮಾತೆಂದೇ ತಿಳಿದರು. ಹುಲ್ಲಪ್ಪ ಒಳಗಿನಿಂದ "ಇದು ಬರದಿಲ್ಲಲಾ ಹಾಳ್ಯಾಗ" ಎಂದದ್ದು ಕೇಳಿಸಿತು.

"ಬಾಳಮ್ಮಕ್ಕಾರ," ಎಂದಳು ಹುಸೇನಬಿ, ಅದೇ ಸಮಾಧಾನದ ದನಿಯಲ್ಲಿ. "ಕುಂತಲ್ಲಿಂದ ಏಳಬ್ಯಾಡ್ರಿ. ನಿಮ್ಮ ಮದುವಿ ಸೀರಿಗೆ ಗುರುತು ಏನಿತ್ತು, ಅಲ್ಲಿಂದನ ಎಲ್ಲಾರಿಗೂ ಕೇಳೂವಂಗ ಹೇಳ್ರಿ."

ನಗು ಒಂದು ಕಡೆಯಿಂದ ನಿಲ್ಲುತ್ತ ಬಂತು. ಹೆಂಗಸರೆಲ್ಲ ಬಾಳಮ್ಮನ ಕಡೆ ತಿರುಗಿದರು.

"ಸೆರಗು ಕೂಡೂ ಕಡೆ..." ಎಂದಳು ಬಾಳಮ್ಮ. "ಎಡಕ್ಕ, ಅಂಚಿನಿಂದ ಒಂದು ಗೇಣು. ಒಂದ ನೀಲಿ ಕೊಂಡಿ. ನಮ್ಮವ್ವ ಹಾಕಿದ್ದು."

"ಮಲೀಕಸಾಬರ, ನೀವು ಹಿರ್ಯಾರು. ಬೂದಿ ಮುಟ್ಟಿ ನೋಡಿದವರು. ಇದನ್ನೂ ಒಂದೀಟು ಮುಟ್ಟಿ ನೋಡ್ರಿ."

ಮಲೀಕಸಾಬ ಶಾಲು ಸರಿಮಾಡಿಕೊಂಡು ಎದ್ದ. ಏಳದೆ ಇರಲು ಅವನಿಗೆ ಜಾಗ ಉಳಿದಿರಲಿಲ್ಲ. ಮೊಬೈಲಿನ ಬೆಳಕು ಹಚ್ಚಿ, ಗೇಣು ಹಾಕಿ, ಬೆರಳು ಸವರಿ, ಬಹಳ ಹೊತ್ತು ನೋಡಿದ. ಆಮೇಲೆ ತಲೆ ಅಳ್ಳಾಡಿಸಿದ. ಬೂದಿಗೆ ಅಳ್ಳಾಡಿದ ಅದೇ ತಲೆ, ಅದೇ ಗಾಂಭೀರ್ಯ.

"ನೀಲಿ ಐತ್ರಿಪಾ," ಎಂದ.

"ಏ, ಎಂಥಾ ಸೀರಿ, ಎ... ಎಂಥಾ ನೀಲಿ!" ಹನಮಪ್ಪ ಕಿರೀಟ ಹಿಡಿದುಕೊಂಡು ಮುಂದೆ ಬಂದ. "ಇಲಕಲ್ಲಾಗ ಸಾವಿರ ಸೀರಿ ಅದಾವ! ಆ ಹುಚ್ಚೀನ ನೋಡಿ ನೋಡಿ ಈಕಿಗೂ ಹುಚ್ಚು ಹತ್ತೇತಿ. ಪಾರ್ಟು ಮೈಮ್ಯಾಲ ಬಂದೈತಿ ಈಕಿಗೆ! ಕೊಡು ಇತ್ತ ಸೀರಿ!"

"ಆಹೇರಿ ಕೊಟ್ಟದ್ದು ತಿರುಗಿ ಕೇಳ್ತಾರೇನ್ರಿ, ಸಾವ್ಕಾರ್ರ?" ಎಂದಳು ಹುಸೇನಬಿ. "ರಾಜನ ವೇಷದಾಗ ಅದೀರಿ. ವೇಷಕ್ಕರೆ ಮರ್ಯಾದಿ ಕೊಡ್ರಿ. ಇದು ಈಗ ನಂದು." ಅವಳು ಅವನ ಕಡೆ ನೋಡದೆ ಮೈಕಿಗೆ ಹೇಳಿದಳು: "ಹುಸೇನಬಿ ಸುಭಾನಸಾಬ, ಇಲಕಲ್, ಇವರ ಕಡಿಂದ ಬಾಳಮ್ಮಕ್ಕಾರಿಗೆ ಸೀರಿ ಆಹೇರಿ. ಬುದ್ಧಿ ನೆಟ್ಟಗಿದ್ದದ್ದಕ್ಕ."

ಚಂದಪ್ಪ ಮಾಸ್ತರ ಪೇಟಿಯ ಮೇಲೆ, ಆಹೇರಿ ಕೊಟ್ಟಾಗ ನುಡಿಸುವ ಸಣ್ಣ ಧಾಟಿಯನ್ನು ನುಡಿಸಿದ.

ಅವಳು ರಂಗದ ಮೆಟ್ಟಿಲಿಳಿದು ಹೆಂಗಸರ ನಡುವೆ ಹೋಗಿ, ಸೀರೆಯನ್ನು ಬಾಳಮ್ಮನ ಹೆಗಲಿಗೆ ಹೊದಿಸಿದಳು. ಬಾಳಮ್ಮ ಸೆರಗು ಹುಡುಕಿ, ಅಂಚಿನಿಂದ ಒಂದು ಗೇಣು ಎಣಿಸಿ, ಬೆರಳಿಟ್ಟಳು. ಕೈಯನ್ನು ಮೂಗಿಗೆ ಒಯ್ದು ಮೂಸಿದಳು. ಹೊಗೆಯ ವಾಸನೆ ಇರಲಿಲ್ಲ, ಬೇವಿನದಿತ್ತು.

"ಹಂಗಾರ ನಾ ಸುಟ್ಟಿಲ್ಲ," ಎಂದಳು. ಮೈಕಿಗಲ್ಲ, ಮಂದಿಗಲ್ಲ.

ಮಗ್ಗುಲ ಹೆಂಗಸೊಬ್ಬಳು ಮೊಳ ಜಾಗ ಮುಚ್ಚಿಕೊಂಡು ಹತ್ತಿರ ಸರಿದು ಕೂತಳು. ಮುಂದಿನ ಸಾಲಿನಲ್ಲಿ ಮಲೀಕಸಾಬ, "ಸೋಮವಾರದ ಗಾಡಿ ಬ್ಯಾಡಪಾ, ಹನಮಪ್ಪ. ನಾ ಸಹಿ ಹಾಕೂದಿಲ್ಲ," ಎಂದ, ಮೊದಲಿನಿಂದಲೂ ತಾನು ಅದನ್ನೇ ಹೇಳುತ್ತ ಬಂದವನಂತೆ. ಹಿರಿಯರೆಲ್ಲ ಹೌದು ಹೌದು ಎಂದರು. ಗಾಳಿ ಬಂದ ಕಡೆ ತೂರುವುದಕ್ಕೇ ಆ ಕುರ್ಚಿಗಳನ್ನು ಅಲ್ಲಿ ಇಟ್ಟದ್ದು.

ಬೇರೆ ಯಾರಾದರೂ ಆಗಿದ್ದರೆ ಬಣ್ಣ ಒರೆಸಿಕೊಂಡು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದರು. ಹನಮಪ್ಪ ಹೋಗಲಿಲ್ಲ. ಕೊನೆಯ ಅಂಕ ಬಾಕಿ ಇತ್ತು, ಅವನಿನ್ನೂ ಸತ್ತಿರಲಿಲ್ಲ.

"ಹೆಂಗಸರ ಮಾತಿಗೆ ನಾಟಕ ನಿಲ್ಲಸ್ತೀರೇನ್ರಿ? ನಡೀಲಿ!" ಎಂದ.

ಚಂದಪ್ಪ ಹುಸೇನಬಿಯ ಮುಖ ನೋಡಿದ. "ನಡೀಲಿ ಬಿಡ್ರಿ, ಮಾಸ್ತರ," ಎಂದಳು ಅವಳು. "ಸಾಯೂದೊಂದು ಅವರಿಗೆ ಚಲೋ ಬರತೈತಿ."

ನಾಟಕ ನಡೆಯಿತು. ಕೊನೆಯ ಅಂಕದಲ್ಲಿ ರಾಜ ವಿಷದ ಬಟ್ಟಲು ಎತ್ತಿದ, ಗಂಟಲು ಹಿಡಿದ, ಮೆಟ್ಟಿಲಿನಿಂದ ಉರುಳಿದ, ಅರ್ಧ ಎದ್ದು ಕಿರೀಟ ಸರಿಮಾಡಿಕೊಂಡು ಮತ್ತೆ ಬಿದ್ದ. ತಾಲೀಮಿಗಿಂತ ಚೆನ್ನಾಗಿಯೇ ಸತ್ತ ಎನ್ನಬೇಕು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಆಗ ತಾಡಪತ್ರಿಯ ಮೇಲಿಂದ ಒಂದು ದನಿ ಎದ್ದಿತು. ನೆಟ್ಟಗೆ, ಒಂದಕ್ಷರವೂ ಎಡವದೆ.

"ಒನ್ಸ್ ಮೋರ್!"

ಬಾಳಮ್ಮ ಎದ್ದು ನಿಂತಿದ್ದಳು, ದಾಳಿಂಬೆ ಬಣ್ಣದ ಸೀರೆ ಹೊದ್ದು.

ಆಮೇಲೆ ಇಡೀ ಊರೇ ಒಂದೇ ಬಾಯಾಗಿ ಕೂಗಿತು, ಒನ್ಸ್ ಮೋರ್, ಒನ್ಸ್ ಮೋರ್. ಹನಮಪ್ಪ ಬಿದ್ದಲ್ಲಿಂದ ಒಂದು ಕಣ್ಣು ತೆರೆದು ನೋಡಿದ. ಅವನ ಮುಖ ಅರಳಿತು. ಎದ್ದು, ಮಂದಿಗೆ ಕೈಮುಗಿದು, ಬಟ್ಟಲು ಹುಡುಕಿ ತಂದು, ಮೊದಲಿನಿಂದ ಸತ್ತ. ಮತ್ತೆ ಕೂಗಿದರು. ಮತ್ತೆ ಎದ್ದ. ಮೀಸೆ ಉದುರಿ ಎಲ್ಲೋ ಬಿದ್ದಿತ್ತು, ಕಿರೀಟ ಒಡೆದಿತ್ತು, ಮೊಣಕಾಲಿನಿಂದ ರಕ್ತ ಬರುತ್ತಿತ್ತು. ಊರು ಅವನನ್ನು ಬಿಡಲಿಲ್ಲ.

ಹುಸೇನಬಿ ಪರದೆಯ ಮಗ್ಗುಲಿಗೆ ನಿಂತು ಬಣ್ಣ ಒರೆಸಿಕೊಳ್ಳುತ್ತಿದ್ದಳು.

"ಹೆಂಗಾತ್ರಿ, ಮೇಡಮ್ಮಾರ?" ಎಂದ ಅವನು, ಏದುಸಿರು ಬಿಡುತ್ತ, ನೆಲದ ಮೇಲಿಂದ.

"ಇನ್ನೂ ಸಾಲದಂತ್ರಿ, ಸಾವ್ಕಾರ್ರ," ಎಂದಳು. "ಕೇಳಸವಲ್ದೇನು? ಕರೀಲಿಕ್ಕತ್ತಾರ."